ವ್ಯಸನಮುಕ್ತಿಗೆ ಸಂಕಲ್ಪದೊಡನೆ ಚಿಕಿತ್ಸೆ

ಕೇರಳ, ತಮಿಳುನಾಡುಗಳ ಹೆದ್ದಾರಿಗಳು ಕೂಡುವ ಗುಂಡ್ಲುಪೇಟೆಯಲ್ಲೂ ಚಾಮರಾಜನಗರದ ಸುತ್ತಲ ಹಳ್ಳಿಗಳಲ್ಲೂ ಮದ್ಯ, ಗಾಂಜಾಗಳಿಗೆ ಬಲಿಯಾದ ಸಂಸಾರಗಳನ್ನು ನಾವು ಕಾಣುತ್ತಿದ್ದೇವೆ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ದೇಶದಲ್ಲಿ ಸುಮಾರು 16 ಕೋಟಿ ಜನ ಮದ್ಯವನ್ನೂ 3.1 ಕೋಟಿ ಜನ ಗಾಂಜಾ, ಭಂಗಿಗಳನ್ನೂ ಸೇವಿಸುತ್ತಾರೆ. ಮದ್ಯವು ಯಕೃತ್ತನ್ನು ಕೆಡಿಸುತ್ತದೆ. ಗಾಂಜಾ ಎಳೆಯರ ಸ್ಮರಣಶಕ್ತಿಯನ್ನು ಕುಂದಿಸಿ, ಕೆಲವರಲ್ಲಿ ಚಿತ್ತವಿಕಾರವನ್ನೂ ತರುತ್ತದೆ.

ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ದುಶ್ಚಟಗಳನ್ನೇ ಭಿಕ್ಷೆ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಾಡಿಗೆ ವ್ಯಸನಮುಕ್ತ ದಿನ. ಅಂದು ಸಂಕಲ್ಪ ಕೈಗೊಳ್ಳುವವರು ಒಂದನ್ನು ಅರಿತಿರಬೇಕು: ಬಹುಕಾಲ ಪ್ರತಿದಿನ ಅತಿಯಾಗಿ ಕುಡಿದವರು ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನಗಳಲ್ಲಿ ಕೈನಡುಕ, ಫಿಟ್ಸ್, ಭ್ರಮೆಗಳುಂಟಾಗಿ ಪ್ರಾಣಕ್ಕೇ ಅಪಾಯವಾಗಬಹುದು. ಆದ್ದರಿಂದ ಮೊದಲು ವೈದ್ಯರನ್ನು ಕಂಡು, ಅವರ ಮೇಲ್ವಿಚಾರಣೆಯಲ್ಲಿಯೇ ಮದ್ಯವನ್ನು ತ್ಯಜಿಸಬೇಕು. ಉಚಿತ ಸಹಾಯವಾಣಿ 14446. ವ್ಯಸನಿಯನ್ನು ಹಳಿಯದೆ, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ಯುವುದೂ ದಾಸೋಹವೇ ಎಂದು ನಾವು ಭಾವಿಸೋಣ.