ಸಣ್ಣ ತಳಿಯ ನಾಯಿಮರಿಯ ಶೌಚಾಭ್ಯಾಸ

ಸಣ್ಣ ತಳಿಯ ನಾಯಿಗಳಿಗೆ ಶೌಚದ ಶಿಸ್ತು ಬರುವುದೇ ಇಲ್ಲವೆಂಬ ಮಾತು ನಗರಗಳಲ್ಲಿ ಬಹಳವಾಗಿ ಕೇಳಿಬರುತ್ತದೆಯಾದರೂ ಅದರ ಹೊಣೆಯನ್ನು ತಳಿಯ ಮೇಲೆ ಹೊರಿಸುವುದು ನ್ಯಾಯವಲ್ಲ. ಪೊಮೆರೇನಿಯನ್, ಶಿ ತ್ಸು ಮುಂತಾದವುಗಳ ಮೂತ್ರಕೋಶ ಚಿಕ್ಕದೆಂಬುದು ನಿಜ. ಮರಿಯ ವಯಸ್ಸಿನ ತಿಂಗಳುಗಳಿಗೆ ಒಂದನ್ನು ಕೂಡಿಸಿದಷ್ಟು ಗಂಟೆ ಅದು ತಡೆದುಕೊಳ್ಳಬಲ್ಲದೆಂಬ ಸ್ಥೂಲ ಲೆಕ್ಕ ಈ ತಳಿಗಳಿಗೆ ಹೆಚ್ಚೇ ಆಗುತ್ತದೆ. ಆದರೆ ಕಲಿಕೆ ಕೆಡುವುದು ಮೂತ್ರಕೋಶದ ಗಾತ್ರದಿಂದಲ್ಲ, ಮರಿಯನ್ನು ಮಾರಿದವರಿಂದ ಮತ್ತು ಅದನ್ನು ಹೊಡೆದವರಿಂದ.

ನಾಯಿಮರಿ ಸುಮಾರು ಮೂರನೆಯ ವಾರದಿಂದಲೇ ಮಲಗುವ ಜಾಗವನ್ನು ಬಿಟ್ಟು ಸರಿದು ಮೂತ್ರ ಮಾಡಲು ತೊಡಗುತ್ತದೆ. ಮುಂದೆ ಮನುಷ್ಯ ಕಲಿಸುವ ಶೌಚಾಭ್ಯಾಸ, ಎಂದರೆ ಇಂಥ ಕಡೆಯೇ ವಿಸರ್ಜಿಸಬೇಕೆಂಬ ರೂಢಿ, ಈ ಸಹಜ ಪ್ರವೃತ್ತಿಯನ್ನೇ ಆಧರಿಸಿದೆ. ತಂತಿಯ ಪಂಜರದಲ್ಲಿ ಉಂಡಲ್ಲೇ ಮಲಗಿ, ಮಲಗಿದಲ್ಲೇ ವಿಸರ್ಜಿಸುತ್ತ ಬೆಳೆದ ಮರಿಯಲ್ಲಿ ಆ ಪ್ರವೃತ್ತಿ ಮುರುಟಿಹೋಗುತ್ತದೆ. ಎಂಟು ವಾರ ತುಂಬದ ಮರಿಯನ್ನು ಮಾರಬಾರದೆಂದು 2017ರ ಕೇಂದ್ರ ನಿಯಮಗಳು ವಿಧಿಸಿದ್ದರೂ 45 ದಿನದ ಮರಿಗಳ ವ್ಯಾಪಾರ ಇನ್ನೂ ರಾಜಾರೋಷವಾಗಿ ನಡೆಯುತ್ತಿದೆ. ಪ್ರಸ್ತುತ ಲೇಖಕಿಯ ಬೆಂಗಳೂರಿನ ಮನೆಗೆ ಬಂದ ಪೊಮೆರೇನಿಯನ್ ಮರಿಯೂ ಅಂಥದೇ; ಎರಡು ತಿಂಗಳು ಕಳೆದಿದೆಯೆಂದು ಹೇಳಿ ಮಾರಿದ್ದ ಅದರ ಹಲ್ಲು ನೋಡಿದ ಪಶುವೈದ್ಯರು ಅಷ್ಟು ವಯಸ್ಸಾಗಿಲ್ಲವೆಂದರು. ಮಲಗುವ ಜಾಗವನ್ನು ನಾಯಿ ಹೊಲಸು ಮಾಡದೆಂಬ ನಂಬಿಕೆಯಿಂದ ಬಳಸುವ ಕ್ರೇಟ್, ಎಂದರೆ ಮರಿ ಎದ್ದುನಿಂತು ತಿರುಗಲು ಸಾಲುವಷ್ಟೇ ಅಗಲದ ಗೂಡು, ಅದಕ್ಕೆ ಏನನ್ನೂ ಕಲಿಸಲಿಲ್ಲ. ಅದು ಹಾಸಿಗೆಯ ಮೇಲೆಯೇ ಉಚ್ಚೆ ಹೊಯ್ದು ಅದರಲ್ಲೇ ಮಲಗುತ್ತಿತ್ತು.

ಪಾರ್ವೋ ಎಂಬ ಮಾರಕ ವೈರಾಣು ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುವುದರಿಂದ, ಸುಮಾರು 16 ವಾರದವರೆಗೆ ಸಾಗುವ ಲಸಿಕೆಗಳು ಮುಗಿಯುವ ತನಕ ಬೀದಿನಾಯಿಗಳು ಓಡಾಡುವ ನೆಲದ ಮೇಲೆ ಮರಿಯನ್ನು ಬಿಡಬಾರದು. ಆ ಅವಧಿಗೆ ಬಾಲ್ಕನಿಯಲ್ಲಿ ಹಾಸಿದ ಹಳೆಯ ಪತ್ರಿಕೆ, ತುಳಸಿ ಕುಂಡ ಅಲ್ಲೇ ಇದೆಯೆಂಬ ಹಿರಿಯರ ಆಕ್ಷೇಪದಿಂದ ಬಟ್ಟೆ ಒಗೆಯುವ ಜಾಗಕ್ಕೂ ಅಲ್ಲಿಂದ ಬಚ್ಚಲಿನ ಬಾಗಿಲಿಗೂ ಸರಿಯುತ್ತ ಹೋದುದರಿಂದ, ಮರಿಗೆ ಒಂದು ಜಾಗವೂ ರೂಢಿಯಾಗಲಿಲ್ಲ. ಲಸಿಕೆ ಮುಗಿದ ಮೇಲೆ ನಾಯಿಗಳನ್ನು ಲಿಫ್ಟಿನಲ್ಲಿ ಒಯ್ಯಕೂಡದೆಂದು ನಿವಾಸಿಗಳ ಸಂಘದ ಕಾರ್ಯದರ್ಶಿ ಅಡ್ಡಿಪಡಿಸಿದರು. ಸಾಕುನಾಯಿಗಳಿಗೆ ಲಿಫ್ಟನ್ನು ನಿರಾಕರಿಸುವಂತಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದ್ದರೂ ಅವರು ಅದನ್ನು ಓದಿ ನೋಡಲೂ ಒಪ್ಪಲಿಲ್ಲ. ಹೀಗೆ ನಾಲ್ಕು ಮಹಡಿಗಳನ್ನು ಮೆಟ್ಟಿಲಿನಲ್ಲೇ ಇಳಿಯಬೇಕಾಗಿ ಬಂದು, ಮರಿ ಅರ್ಧದಾರಿಯಲ್ಲೇ ಹೊಯ್ದುಬಿಡುತ್ತಿತ್ತು, ದೂರು ಮಾತ್ರ ಮನೆಯವರ ಮೇಲೆ ಬರುತ್ತಿತ್ತು.

ಅಂಥದೊಂದು ದೂರು ಬಂದ ಬೆಳಿಗ್ಗೆ, ಅದು ವರಮಹಾಲಕ್ಷ್ಮಿ ಹಬ್ಬದ ದಿನವೂ ಆಗಿತ್ತು, ಮರಿ ದೇವರ ಮನೆಯ ಹೊಸ್ತಿಲ ರಂಗೋಲಿಯ ಮೇಲೆ ಉಚ್ಚೆ ಹೊಯ್ದಿತು. ಮನೆಯ ಹಿರಿಯರೊಬ್ಬರು ಅದರ ಕತ್ತು ಹಿಡಿದು, ಮೂತಿಯನ್ನು ಒದ್ದೆ ನೆಲಕ್ಕೆ ಉಜ್ಜಿ, ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆದರು. ಅದು ಚೀರುತ್ತ ಅವರ ಕೈಯಲ್ಲಿಯೇ ಮತ್ತೆ ಮೂತ್ರ ಮಾಡಿತು, ಅದನ್ನು ಹಟವೆಂದು ತಿಳಿದು ಅವರು ಮತ್ತೆ ಹೊಡೆದರು. ಭಯಗೊಂಡ ಮರಿ ಶರಣಾಗತಿಯ ಸೂಚನೆಯಾಗಿ ತನಗರಿವಿಲ್ಲದೆಯೇ ಮೂತ್ರ ಬಿಡುವುದುಂಟು. ಶಿಕ್ಷೆಯಿಂದ ಅದು ಹೆಚ್ಚುತ್ತದೆಯೇ ಹೊರತು ನಿಲ್ಲುವುದಿಲ್ಲ. ಆ ದಿನ ಮರಿ ಕಲಿತದ್ದು ಮನೆಯೊಳಗೆ ಮಾಡಬಾರದೆಂಬುದನ್ನಲ್ಲ, ಮನುಷ್ಯರೆದುರು ಮಾಡಬಾರದೆಂಬುದನ್ನು. ಅನಂತರ ಅದನ್ನು ಕೆಳಗೆ ಒಯ್ದು ಎಷ್ಟು ಹೊತ್ತು ನಿಂತರೂ, ಮಳೆಯಲ್ಲಿ ನೆನೆದು ನಡುಗುತ್ತಿದ್ದರೂ, ಹಗ್ಗ ಹಿಡಿದವರ ಮುಖವನ್ನೇ ನೋಡುತ್ತ ಬಿಗಿಹಿಡಿದು ನಿಲ್ಲುತ್ತಿತ್ತು. ಮನೆಗೆ ಬಂದೊಡನೆ ದಿವಾನದ ಹಿಂದಿನ ಕತ್ತಲೆಗೆ ಓಡಿ ಅಲ್ಲಿ ಮೂತ್ರ ಮಾಡುತ್ತಿತ್ತು. ಹೊಡೆದವರು ಇದನ್ನೇ ತೋರಿಸಿ ನಾಯಿಯೇ ಕಳ್ಳನೆಂದರು. ಆ ಮಾತು ಲೇಖಕಿಗೆ ಇಂದಿಗೂ ಸಹ್ಯವಾಗಿಲ್ಲ.

ಚೇತರಿಕೆ ನಿಧಾನವಾಗಿ ಬಂತು. ಜಾಗವನ್ನು ಬದಲಿಸದೆ ಬಾಲ್ಕನಿಯಲ್ಲೇ ಹುಲ್ಲುಹಾಸಿನ ಟ್ರೇ ಇಟ್ಟು, ತುಳಸಿಯನ್ನು ಕಿಟಕಿಯ ಗೂಡಿಗೆ ಏರಿಸಲಾಯಿತು. ಮರಿ ಎದ್ದೊಡನೆ, ಆಟವಾಡಿದೊಡನೆ ಹಾಗೂ ಉಂಡು ಸ್ವಲ್ಪ ಹೊತ್ತಿನಲ್ಲೇ ಅಲ್ಲಿಗೆ ಒಯ್ದು, ಮುಖ ಬೇರೆಡೆ ತಿರುಗಿಸಿ ನಿಂತು, ಅದು ಮುಗಿಸಿದ ಕ್ಷಣದಲ್ಲೇ ತಿನಿಸು ಕೊಡಬೇಕು. ಫಿನಾಯಿಲ್ ಮನುಷ್ಯರ ಮೂಗಿಗೆ ಮಾತ್ರ ವಾಸನೆ ಮರೆಸುವುದರಿಂದ, ಮೂತ್ರದ ಅಂಶವನ್ನೇ ಒಡೆಯುವ ಕಿಣ್ವಯುಕ್ತ ದ್ರಾವಣದಿಂದ ನೆಲ ಒರೆಸಬೇಕು. ಉಚ್ಚೆ ಕಡಿಮೆಯಾಗಲೆಂದು ನೀರು ನಿಲ್ಲಿಸುವುದಾಗಲಿ ಉಪವಾಸ ಕೆಡಹುವುದಾಗಲಿ ಸಲ್ಲದು. ಸಣ್ಣ ತಳಿಯ ಮರಿಗಳಲ್ಲಿ ಆಹಾರ ತಪ್ಪಿದರೆ ರಕ್ತದ ಸಕ್ಕರೆ ಕುಸಿದು ಪ್ರಾಣಾಪಾಯವೇ ಒದಗಬಹುದು. ಎಷ್ಟು ಕಲಿಸಿದರೂ ಪದೇ ಪದೇ ಹನಿಹನಿಯಾಗಿ ಹೊಯ್ಯುವ ಮರಿಗೆ ಮೂತ್ರನಾಳದ ಸೋಂಕಿರಬಹುದಾದ್ದರಿಂದ ಪಶುವೈದ್ಯರಲ್ಲಿ ಮೂತ್ರಪರೀಕ್ಷೆ ಮಾಡಿಸಬೇಕು.

ಮರಿ ಕೊಳ್ಳಬೇಕೆಂದಿರುವವರು ತಾಯಿನಾಯಿಯನ್ನೂ ಅದನ್ನು ಇರಿಸಿದ ಜಾಗವನ್ನೂ ಕಣ್ಣಾರೆ ನೋಡದೆ ಮುಂಗಡ ಕೊಡಬಾರದು, ತೋರಿಸಲು ಒಪ್ಪದ ಮಾರಾಟಗಾರನ ಬಾಗಿಲಿಗೆ ಮತ್ತೆ ಹೋಗಬಾರದು.