ಮನೆಯ ಸಣ್ಣ ಮಗ ಬೆಳೆಯುತ್ತಿದ್ದಾನೆ

ಪ್ರಶ್ನೆ: ಅಕ್ಕಾರ, ನಮ್ಮದು ರಾಯಬಾಗ ತಾಲ್ಲೂಕಿನ ಪಾಲಬಾವಿ. ಮನ್ಯಾಗ ನಾವು ನಾಕು ಮಂದಿ ಮಕ್ಕಳು. ಇಬ್ಬರು ಅಣ್ಣಾಗೋಳು, ನಾನು, ಎಲ್ಲಾರಕಿಂತ ಸಣ್ಣಾಂವ ನಮ್ಮ ತಮ್ಮ. ಅವಗ 13 ವರ್ಷ, ಎಂಟನೇತ್ತೆ ಕಲೀತಾನ. ನಾನು ಬಿ.ಎ. ಓದಾಕತ್ತೇನಿ. ತಮ್ಮ ತನ್ನ ವರ್ಗದಾಗ ಎಲ್ಲಾರಕಿಂತ ಗಿಡ್ಡ ಅದಾನ. ಅಣ್ಣಾಗೋಳು ಮೊದಲಿನಿಂದ ‘ಗಿಡ್ಯಾ’ ಅಂತ ಕರಕೋತ ಬಂದಾರ, ಈಗ ಓಣಿ ಮಂದೀನೂ ಹಂಗ ಕರೀತೈತಿ. ಕಬಡ್ಡಿ ಆಡಾಕ ಹೋದ್ರ ‘ದೊಡ್ಡಾಂವ ಆದಮ್ಯಾಗ ಬಾ’ ಅಂತ ಕಳಸ್ತಾರ. ಈಗ ದಿನಾ ಕೊಟ್ಟಿಗ್ಯಾಗ ತೊಲಿ ಹಿಡದು ಜೋತ ಬೀಳ್ತಾನ, ಗ್ವಾಡಿ ಮ್ಯಾಲ ಗೆರಿ ಹೊಡದು ಎತ್ತರ ನೋಡಕೋತಾನ. ಮೊಬೈಲಿನ್ಯಾಗ ಎತ್ತರ ಆಗೋ ಪುಡಿ ನೋಡಿ ಅವ್ವನ ಕಡೆ ರೊಕ್ಕ ಕೇಳಿದ. ಅಪ್ಪ ಬೈದ್ರು, ಅಣ್ಣಾಗೋಳು ನಕ್ರು. ಅವತ್ತಿನಿಂದ ಸರಿಯಾಗಿ ಉಣ್ಣೂದಿಲ್ಲ, ಹೊಟ್ಟಿನೋವು ಅಂತ ಹೇಳಿ ಎರಡು ಸಲ ಶಾಲಿ ತಪ್ಪಿಸ್ಯಾನ. ‘ಹುಡುಗ್ರ ಬುದ್ಧಿ, ತಾನ ಹೊಕ್ಕೈತಿ’ ಅಂತಾರ ಎಲ್ಲಾರೂ. ನನಗ ಹಂಗ ಅನಸೂದಿಲ್ಲ. ನಾ ಹೇಳಿದ್ರ ಅಣ್ಣಾಗೋಳು ಕೇಳೂದಿಲ್ಲ. ಏನ್ ಮಾಡ್ಲಿ?

— ಒಬ್ಬ ಅಕ್ಕ, ಪಾಲಬಾವಿ

ಉತ್ತರ: ತಂಗಿ, ನಿನಗೆ ಅನ್ನಿಸಿದ್ದೇ ಸರಿ. ಊಟ ಕಡಿಮೆ ಮಾಡಿ, ಶಾಲೆ ತಪ್ಪಿಸುವವರೆಗೆ ಬಂದ ಸಂಕಟವನ್ನು ಹುಡುಗಬುದ್ಧಿ ಎಂದು ತಳ್ಳಿಹಾಕಬಾರದು. ನಿನ್ನ ತಮ್ಮನಿಗೆ ಎರಡು ಬೇರೆ ಬೇರೆ ಕಷ್ಟಗಳಿವೆ, ಎರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ಒಂದು ಅವನ ಮೈಯ ಬೆಳವಣಿಗೆ. ಇನ್ನೊಂದು, 13 ವರ್ಷವಾದರೂ ಮನೆಯವರು ಅವನನ್ನು ಐದು ವರ್ಷದವನಂತೆ ನೋಡುತ್ತಿರುವುದು. ಮೊದಲನೆಯದಕ್ಕೆ ಅಳತೆ ಬೇಕು, ಅಗತ್ಯಬಿದ್ದರೆ ವೈದ್ಯರು ಬೇಕು. ಎರಡನೆಯದನ್ನು ಸರಿಪಡಿಸುವುದು ನಿಮ್ಮ ಮನೆಯವರ ಕೈಯಲ್ಲೇ ಇದೆ.

ಮೊದಲು ಮೈಯ ಮಾತು. ಹರೆಯ ಶುರುವಾಗುವ ತನಕ ಮಕ್ಕಳು ವರ್ಷಕ್ಕೆ ಸುಮಾರು 5 ಸೆಂ.ಮೀ. ಬೆಳೆಯುತ್ತಾರೆ. ಹರೆಯ ಬಂದ ಮೇಲೆ ಬೆಳವಣಿಗೆ ಒಮ್ಮೆಲೆ ಏರುತ್ತದೆ. ಹುಡುಗಿಯರಲ್ಲಿ ಆ ಏರಿಕೆ ಹೆಚ್ಚಾಗಿ 11–12ರ ಹೊತ್ತಿಗೆ ಕಂಡರೆ, ಹುಡುಗರಲ್ಲಿ 13–14ರ ಹೊತ್ತಿಗೆ ಕಾಣುತ್ತದೆ. ಆ ವರ್ಷದಲ್ಲಿ ಒಬ್ಬ ಹುಡುಗ 9–10 ಸೆಂ.ಮೀ. ಎತ್ತರವಾಗುವುದೂ ಉಂಟು. ಕೆಲವರಿಗೆ ಇದು ಇನ್ನೂ ಒಂದೆರಡು ವರ್ಷ ತಡ. ಹಾಗಾಗಿ ಎಂಟನೆಯ ತರಗತಿಯ ಒಂದೇ ಬೆಂಚಿನಲ್ಲಿ ಮೀಸೆ ಚಿಗುರಿದ ಹುಡುಗನೂ ಹಾಲುಗಲ್ಲದ ಹುಡುಗನೂ ಕೂತಿರುತ್ತಾರೆ. ಇಬ್ಬರೂ ಆರೋಗ್ಯವಾಗಿಯೇ ಇರಬಹುದು. ತಡವಾಗಿ ಬೆಳೆಯುವುದು ಎಷ್ಟೋ ಮನೆಗಳಲ್ಲಿ ವಂಶದಿಂದ ಬಂದಿರುತ್ತದೆ. ಅಪ್ಪನನ್ನು, ಕಾಕಾನನ್ನು, ಸೋದರಮಾವನನ್ನು ಕೇಳು: ಅವರು ಯಾವ ವಯಸ್ಸಿನಲ್ಲಿ ಎತ್ತರವಾದರು? ‘ನಾನೂ ಹತ್ತನೇತ್ತೆ ದಾಟಿದ ಮ್ಯಾಲೇ ಬೆಳದಿದ್ದೆ’ ಎಂಬ ಉತ್ತರ ಬಂದರೆ, ಅದನ್ನು ಅಪ್ಪನೇ ತಮ್ಮನ ಮುಂದೆ ಕೂತು ಹೇಳಲಿ. ನನ್ನ ಹತ್ತು ಮಾತಿಗಿಂತ ಅವರ ಆ ಒಂದು ಮಾತು ಅವನಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ವೈದ್ಯರು ಬಳಸುವ ಒಂದು ಅಂದಾಜೂ ಇದೆ. ಅಪ್ಪನ ಎತ್ತರಕ್ಕೆ ಅವ್ವನ ಎತ್ತರ ಕೂಡಿಸಿ, ಹುಡುಗನಾದರೆ 13 ಸೆಂ.ಮೀ. ಸೇರಿಸಿ, ಎರಡರಿಂದ ಭಾಗಿಸಬೇಕು. ಅಪ್ಪ 165, ಅವ್ವ 152 ಸೆಂ.ಮೀ. ಇದ್ದರೆ ಮಗನ ಅಂದಾಜು ಎತ್ತರ 165. ಇದರಲ್ಲಿ ಸುಮಾರು 8 ಸೆಂ.ಮೀ. ಹೆಚ್ಚು-ಕಡಿಮೆ ಆಗುವುದು ಸಹಜ. ಈ ಲೆಕ್ಕವನ್ನು ತಮ್ಮನ ಕೈಯಲ್ಲೇ ಮಾಡಿಸು. ಎಷ್ಟು ಎತ್ತರ ತನ್ನ ಪಾಲಿಗೆ ಬರಬಹುದು ಎಂದು ತಿಳಿದರೆ, ಎಟುಕದ ಆಸೆಯೂ ಕಡಿಮೆಯಾಗುತ್ತದೆ, ಇಲ್ಲದ ಭಯವೂ ಕಡಿಮೆಯಾಗುತ್ತದೆ.

ಗೋಡೆಯ ಮೇಲೆ ದಿನಾ ಗೆರೆ ಹಾಕುವುದನ್ನು ಬಿಡಿಸಬೇಕು. ಬೆಳಿಗ್ಗೆಗಿಂತ ಸಂಜೆಗೆ ಎಲ್ಲರ ಎತ್ತರವೂ ಒಂದು ಸೆಂ.ಮೀ. ವರೆಗೆ ತಗ್ಗುತ್ತದೆ. ನಿನ್ನೆಗಿಂತ ಇವತ್ತು ಕುಳ್ಳಗಾದೆ ಎಂದು ಅವನು ಎದೆಗುಂದುತ್ತಿರಬಹುದು. ಆರು ತಿಂಗಳಿಗೊಮ್ಮೆ ಅಳೆಯಿರಿ. ಬೆಳಿಗ್ಗೆ ಎದ್ದ ಮೇಲೆ, ಬರಿಗಾಲಲ್ಲಿ, ಹಿಮ್ಮಡಿ, ಬೆನ್ನು ಗೋಡೆಗೆ ತಾಗಿಸಿ ನಿಲ್ಲಿಸಿ, ತಲೆಯ ಮೇಲೆ ದಪ್ಪ ಪುಸ್ತಕ ಅಡ್ಡ ಇಟ್ಟು ಗುರುತು ಹಾಕಿ. ತಾರೀಖಿನ ಜೊತೆ ವಹಿಯಲ್ಲಿ ಬರೆದಿಡಿ.

ತೊಲೆಗೆ ಜೋತುಬಿದ್ದರೆ ಎಲುಬು ಉದ್ದವಾಗುವುದಿಲ್ಲ. ಎಲುಬು ಬೆಳೆಯುವುದು ಅದರ ತುದಿಯಲ್ಲಿರುವ ಮೃದು ಪದರದಲ್ಲಿ, ಹಾರ್ಮೋನುಗಳ ಆಜ್ಞೆಯಂತೆ. ಜೋತುಬಿದ್ದಾಗ ಬೆನ್ನುಮೂಳೆ ಸ್ವಲ್ಪ ಸಡಿಲಾಗಿ, ಕೆಲವೇ ಗಂಟೆಯಲ್ಲಿ ಮೊದಲಿನಂತಾಗುತ್ತದೆ. ಇದನ್ನು ಅವನಿಗೆ ಸ್ಪಷ್ಟವಾಗಿ ಹೇಳು, ಆದರೆ ಜೋತುಬೀಳುವುದನ್ನು ನಿಷೇಧಿಸಬೇಡ. ತೋಳಿಗೆ ಬಲ ಬರುತ್ತದೆ. ತೊಲೆ ಗಟ್ಟಿ ಇದೆಯೇ, ಕೆಳಗೆ ಕಲ್ಲು-ಗೂಟ ಇದೆಯೇ ಎಂದಷ್ಟೇ ನೋಡಿಕೊಳ್ಳಿ.

ಪುಡಿಯನ್ನು ಮಾತ್ರ ತರಬೇಡಿ. ಎತ್ತರ ಬೆಳೆಸುವ ಪುಡಿ ಎಂಬುದೇ ಇಲ್ಲ. ಏನು ಬೆರೆಸಿದ್ದಾರೆಂದು ತಿಳಿಯದ ಪುಡಿಯಲ್ಲಿ ಸ್ಟೀರಾಯ್ಡ್ ಸೇರಿದ್ದರೆ ಎಲುಬಿನ ಬೆಳವಣಿಗೆ ಬೇಗ ನಿಂತುಹೋಗುವ ಅಪಾಯವೂ ಇದೆ. ಹಾಲಿಗೆ ಬೆರೆಸುವ ಸಿಹಿ ಪುಡಿಗಳ ವಿಷಯದಲ್ಲೂ ಎಚ್ಚರ ಬೇಕು. ಅಂಥ ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಪಟ್ಟಿಯಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ಕಂಪನಿಗಳಿಗೆ ಸೂಚಿಸಿತ್ತು. ಅವನಿಗೆ ಬೇಕಾದದ್ದು ನಿಮ್ಮ ಅಡುಗೆಮನೆಯಲ್ಲೇ ಇದೆ: ಜೋಳದ ರೊಟ್ಟಿ, ಬೇಳೆ, ಮೊಳಕೆ ಬರಿಸಿದ ಕಾಳು, ಶೇಂಗಾ, ಸೊಪ್ಪು, ಹಾಲು-ಮೊಸರು. ಶಾಲೆಯಲ್ಲಿ ಕೊಡುವ ಮೊಟ್ಟೆ ಅಥವಾ ಬಾಳೆಹಣ್ಣು, ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ನೀಲಿ ಗುಳಿಗೆ ಬಿಡಬಾರದು. ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸುರಿಯುವುದು ಗಾಢ ನಿದ್ದೆಯಲ್ಲಿ. ರಾತ್ರಿ ಒಂಬತ್ತು ತಾಸಾದರೂ ನಿದ್ದೆ ಬೇಕು. ಮಲಗುವಾಗ ಮೊಬೈಲ್ ಅವ್ವನ ಹತ್ತಿರ ಇರಲಿ.

ವೈದ್ಯರಿಗೆ ಯಾವಾಗ ತೋರಿಸಬೇಕು? ಇಡೀ ವರ್ಷದಲ್ಲಿ 4 ಸೆಂ.ಮೀ. ಕೂಡ ಬೆಳೆಯದಿದ್ದರೆ, ಲೆಕ್ಕದಲ್ಲಿ ಬಂದ ಅಂದಾಜಿಗಿಂತ ತೀರಾ ಹಿಂದಿದ್ದರೆ, 14 ತುಂಬಿದರೂ ಹರೆಯದ ಯಾವ ಗುರುತೂ ಕಾಣದಿದ್ದರೆ, ಅಥವಾ ಸುಸ್ತು, ಮತ್ತೆ ಮತ್ತೆ ಭೇದಿ, ತೂಕ ಇಳಿಯುವುದು, ತಲೆನೋವು ಇದ್ದರೆ ತಡಮಾಡಬೇಡಿ. ಅವನ ಹೊಟ್ಟೆನೋವನ್ನೂ ನೆಪ ಎಂದು ನೀವೇ ತೀರ್ಮಾನಿಸದೆ ಒಮ್ಮೆ ತೋರಿಸಿಬಿಡಿ. ಮನಸ್ಸಿನ ಭಯ ಮಕ್ಕಳಲ್ಲಿ ನಿಜವಾದ ನೋವಾಗಿಯೇ ಕಾಣಿಸಿಕೊಳ್ಳುತ್ತದೆ. ರಾಯಬಾಗದ ತಾಲ್ಲೂಕು ಆಸ್ಪತ್ರೆಯಿಂದ ಶುರುಮಾಡಿ. ಬೇಕೆನಿಸಿದರೆ ಅಲ್ಲಿಂದ ಬೆಳಗಾವಿಯ ಮಕ್ಕಳ ತಜ್ಞರಿಗೆ ಕಳಿಸುತ್ತಾರೆ. ರಕ್ತಹೀನತೆ, ಥೈರಾಯ್ಡ್ ಪರೀಕ್ಷೆ, ಎಡಗೈಯ ಎಕ್ಸ್‌ರೇ — ಬಹಳಷ್ಟು ಸಲ ಇಷ್ಟರಿಂದಲೇ ದಾರಿ ತಿಳಿಯುತ್ತದೆ. ಎಲುಬಿನ ವಯಸ್ಸು ಎಷ್ಟು, ಬೆಳೆಯಲು ಇನ್ನೂ ಎಷ್ಟು ಅವಕಾಶವಿದೆ ಎಂಬುದನ್ನು ಆ ಎಕ್ಸ್‌ರೇ ತೋರಿಸುತ್ತದೆ.

ಇನ್ನು ಎರಡನೆಯ ಕಷ್ಟ. ಇದು ನಿಮ್ಮ ಓಣಿಯಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1969ರಿಂದ 1974ರವರೆಗೆ ‘ದಿ ಬ್ರೇಡಿ ಬಂಚ್’ ಎಂಬ ಹಾಸ್ಯ ಧಾರಾವಾಹಿ ಬರುತ್ತಿತ್ತು. ಆರು ಮಕ್ಕಳ ತುಂಬು ಮನೆಯ ಕಥೆ. 1972ರಲ್ಲಿ ಬಂದ ಒಂದು ಕಂತಿನಲ್ಲಿ ಗಂಡುಮಕ್ಕಳಲ್ಲಿ ಕಿರಿಯವನಾದ ಬಾಬಿಯನ್ನು ಮನೆಗೆ ಬೇಕಾದವನೊಬ್ಬ ಕುಳ್ಳ ಎಂಬರ್ಥದ ಹೆಸರಿಟ್ಟು ಕರೆಯುತ್ತಾನೆ. ಅಂದಿನಿಂದ ಆ ಹುಡುಗ ಎತ್ತರವಾಗಲೆಂದು ಕಂಬಿಗೆ ಜೋತುಬೀಳಲು ಶುರುಮಾಡುತ್ತಾನೆ, ನಿನ್ನ ತಮ್ಮನ ಹಾಗೆಯೇ. ಕೊನೆಗೆ ಅವನೂ ಹಿರಿಯ ಅಣ್ಣನೂ ಮಾಂಸದಂಗಡಿಯ ಶೀತಲ ಕೋಣೆಯಲ್ಲಿ ಸಿಕ್ಕಿಬೀಳುತ್ತಾರೆ. ಇಕ್ಕಟ್ಟಾದ ಕಿಂಡಿಯಲ್ಲಿ ತೂರಿ ಹೊರಬರಲು ಸಾಧ್ಯವಾಗುವುದು ಸಣ್ಣ ಮೈಯ ಬಾಬಿಗೆ ಮಾತ್ರ.

ಕಥೆ ಚೆನ್ನಾಗಿದೆ. ಆದರೆ ನಾವು ಅಲ್ಲಿಗೇ ನಿಲ್ಲಬಾರದು. ಸಣ್ಣವನು ಒಂದು ದಿನ ಉಪಯೋಗಕ್ಕೆ ಬಂದಾಗಲೇ ಅವನಿಗೆ ಬೆಲೆ ಎಂದಾದರೆ, ಅಂಥ ದಿನ ಬಾರದ ಮಕ್ಕಳು ಏನು ಮಾಡಬೇಕು? ನಿನ್ನ ತಮ್ಮ ಏನನ್ನೂ ಸಾಧಿಸಿ ತೋರಿಸದೆಯೇ ಮನೆಯಲ್ಲಿ ಮರ್ಯಾದೆ ಪಡೆಯಬೇಕಾದವನು.

ಅದಕ್ಕೆ ಮೊದಲ ಹೆಜ್ಜೆ ಆ ಅಡ್ಡಹೆಸರು ನಿಲ್ಲುವುದು. ಅಣ್ಣಂದಿರು ಪ್ರೀತಿಯಿಂದಲೇ ಕರೆಯುತ್ತಿರಬಹುದು. ಕೇಳಿಸಿಕೊಳ್ಳುವವನಿಗೆ ನೋವಾಗುತ್ತಿದ್ದರೆ ಪ್ರೀತಿಯ ಕಾರಣ ಸಾಲದು. ನಿನ್ನ ಮಾತು ಕೇಳುವುದಿಲ್ಲ ಅಂತೀಯ. ಹಾಗಾದರೆ ಎಲ್ಲರೂ ಕೂಡಿ ಉಣ್ಣುವಾಗ ಈ ಮಾತು ತೆಗೆಯಬೇಡ. ತಮ್ಮನ ಎದುರು ಮಾತಾಡಿದರೆ ಅವನಿಗೆ ಇನ್ನಷ್ಟು ಅವಮಾನ. ಮೊದಲು ಅವ್ವನನ್ನು ಒಪ್ಪಿಸು. ಆಮೇಲೆ ಹಿರಿಯಣ್ಣ ಒಬ್ಬನೇ ಇರುವ ಹೊತ್ತು ನೋಡಿ ಇಷ್ಟೇ ಹೇಳು: ‘ಅಣ್ಣಾ, ಆ ಹೆಸರು ಕೇಳಿ ಅಂವ ಶಾಲಿ ತಪ್ಪಸಾಕತ್ತಾನ. ಇವತ್ತಿನಿಂದ ನೀ ಅವನ್ನ ಹೆಸರು ಹಿಡದು ಕರಿ. ನೀ ಬಿಟ್ರ ಓಣಿ ಮಂದೀನೂ ಬಿಡ್ತೈತಿ.’ ಬೈಗುಳವಿಲ್ಲದೆ, ಕಾರಣದ ಜೊತೆ ಕೇಳಿದ ಮಾತನ್ನು ತಳ್ಳಿಹಾಕುವುದು ಕಷ್ಟ.

ಅಣ್ಣನೊಬ್ಬ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಎಲ್ಲರೂ ಬಲ್ಲ ಉದಾಹರಣೆ ಇದೆ. ಸಚಿನ್ ತೆಂಡೂಲ್ಕರ್ ಮನೆಯ ನಾಲ್ವರು ಮಕ್ಕಳಲ್ಲಿ ಕೊನೆಯವರು, ಎತ್ತರದಲ್ಲೂ ಗಿಡ್ಡ. ಅವರನ್ನು 1984ರಲ್ಲಿ ಗುರು ರಮಾಕಾಂತ ಆಚ್ರೇಕರ್ ಹತ್ತಿರ ಕರೆದುಕೊಂಡು ಹೋದವರು ಅಣ್ಣ ಅಜಿತ್. ನಿನ್ನ ಅಣ್ಣಂದಿರಿಗೆ ಈ ಮಾತು ಮುಟ್ಟಿಸು.

ಎರಡನೆಯ ಹೆಜ್ಜೆ, ವಯಸ್ಸಿಗೆ ತಕ್ಕ ಜವಾಬ್ದಾರಿ. ಟ್ರ್ಯಾಕ್ಟರ್ ಕೊಡಬೇಡಿ, ಅದಕ್ಕೆ 18 ತುಂಬಬೇಕು. ನಿಮ್ಮಲ್ಲಿ ಹೈನು ಇದ್ದರೆ ಡೇರಿಗೆ ಹಾಕಿದ ಹಾಲಿನ ಲೀಟರು, ಫ್ಯಾಟು ಬರೆದಿಡುವ ವಹಿ ಅವನದಾಗಲಿ. ಕಬ್ಬು ಕಾರ್ಖಾನೆಗೆ ಹೋಗುವ ಕಾಲದಲ್ಲಿ ತೂಕದ ಚೀಟಿಗಳನ್ನು ಜೋಡಿಸಿ, ಒಟ್ಟು ಟನ್ನು ಕೂಡಿಸಿ, ಅಪ್ಪನಿಗೆ ಒಪ್ಪಿಸುವ ಕೆಲಸ ಅವನು ಮಾಡಲಿ. ತಪ್ಪಿದರೆ ಮತ್ತೊಮ್ಮೆ ಕೂಡಿಸಲು ಹೇಳಿ, ವಹಿ ಕಸಿದುಕೊಳ್ಳಬೇಡಿ. ಅಣ್ಣಂದಿರ ಹಳೆಯ ಅಂಗಿಗಳೇ ಅವನ ಪಾಲಿಗೆ ಬರುತ್ತಿದ್ದರೆ, ಈ ಸಲದ ಹಬ್ಬಕ್ಕೆ ಅವನೇ ಆರಿಸಿದ, ಅವನ ಅಳತೆಯ ಅಂಗಿ ಹೊಲಿಸಿ. ದೊಗಲೆ ಅಂಗಿ ಗಿಡ್ಡ ಹುಡುಗನನ್ನು ಇನ್ನೂ ಗಿಡ್ಡವಾಗಿ ಕಾಣಿಸುತ್ತದೆ.

ಮೂರನೆಯದು ಆಟ. ಕಬಡ್ಡಿ ಅವನಿಗೆ ನಿಜವಾಗಿ ಇಷ್ಟವಿದ್ದರೆ ಅಪ್ಪನೋ ಅಣ್ಣನೋ ಶಾಲೆಯ ದೈಹಿಕ ಶಿಕ್ಷಕರನ್ನು ಕಂಡು, ಅಭ್ಯಾಸಕ್ಕಾದರೂ ಸೇರಿಸಿಕೊಳ್ಳಲು ಕೇಳಲಿ. ಕುಸ್ತಿಯಲ್ಲಿ ಮನಸ್ಸಿದ್ದರೆ ಅದು ಇನ್ನೂ ನ್ಯಾಯದ ಆಟ. ಸ್ಪರ್ಧೆಯಲ್ಲಿ ತನ್ನ ತೂಕದವನೊಡನೆಯೇ ಸೆಣಸಬೇಕು. ನಿಮ್ಮ ತಾಲ್ಲೂಕಿನ ಕುಡಚಿಯ ಪಕ್ಕ ಹರಿಯುವ ಇದೇ ಕೃಷ್ಣೆಯ ಮೇಲ್ದಂಡೆಯಲ್ಲಿ, ಸಾತಾರಾ ಜಿಲ್ಲೆಯ ಕರಾಡದ ಹತ್ತಿರ, ಗೋಳೇಶ್ವರ ಎಂಬ ಹಳ್ಳಿಯಿದೆ. 1926ರಲ್ಲಿ ಅಲ್ಲಿ ಹುಟ್ಟಿದ ಖಾಶಾಬಾ ಜಾಧವ್ ಪೈಲವಾನ ತಂದೆಯ ಐವರು ಗಂಡುಮಕ್ಕಳಲ್ಲಿ ಕೊನೆಯವರು. ಸಣ್ಣ ಮೈಕಟ್ಟಿನವರೆಂದು ಕೊಲ್ಲಾಪುರದಲ್ಲಿ ಓದುವಾಗ ಕಾಲೇಜಿನ ಕ್ರೀಡಾಕೂಟಕ್ಕೇ ಅವರನ್ನು ಮೊದಲು ಸೇರಿಸಿರಲಿಲ್ಲ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 57 ಕೆ.ಜಿ. ವರ್ಗದಲ್ಲಿ ಕಂಚು ಗೆದ್ದು, ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದವರು ಅವರೇ. ಈ ಕಥೆಯನ್ನು ತಮ್ಮನಿಗೆ ಸಮಾಧಾನವಾಗಿ ಹೇಳು. ‘ನೋಡು ಅವರನ್ನ, ನೀನೂ ಹಂಗ ಆಗು’ ಎಂದು ಮಾತ್ರ ಹೇಳಬೇಡ. ಹೊಸ ಹೊರೆ ಹೊರಿಸಿದಂತಾಗುತ್ತದೆ.

ಕೊನೆಗೆ ಒಂದು ಎಚ್ಚರಿಕೆ. ಅವನು ಊಟ ಪೂರ್ತಿ ಬಿಟ್ಟರೆ, ವಾರಗಟ್ಟಲೆ ಶಾಲೆಗೆ ಹೋಗದಿದ್ದರೆ, ‘ನಾ ಇರಬಾರದಿತ್ತು’ ಎಂಬಂಥ ಮಾತಾಡಿದರೆ ಒಂದು ದಿನವೂ ಕಾಯಬೇಡ. ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ. ಮಕ್ಕಳ ಸಹಾಯವಾಣಿ 1098 ಕೂಡ ಇದೆ.

ಮನೆಯಲ್ಲಿ ಎಲ್ಲರೂ ನಕ್ಕಾಗ ನೀನೊಬ್ಬಳು ನಗದೆ ಕಾಗದ ಬರೆದೆ. ಅವನ ಪರವಾಗಿ ಒಬ್ಬರಿದ್ದಾರೆ ಎಂಬುದು ತಮ್ಮನಿಗೂ ಗೊತ್ತಾಗಬೇಕು. ಇವತ್ತು ಸಂಜೆ ಅವನ ಪಕ್ಕ ಕೂತು, ‘ನಿನಗ ಎಷ್ಟು ತ್ರಾಸ ಆಗಾಕತ್ತೈತಿ ಅಂತ ನನಗ ತಿಳಿದೈತಿ’ ಎಂದು ಹೇಳು. ಅವನು ಮಾತಾಡಿದರೆ ನಡುವೆ ಬಾಯಿ ಹಾಕದೆ ಕೇಳು. ಎತ್ತರ ಬರಲು ವರ್ಷಗಳು ಬೇಕಾಗಬಹುದು, ಅವನ ನೋವನ್ನು ಕೇಳಿಸಿಕೊಳ್ಳುವುದಕ್ಕೆ ಯಾರೂ ಕಾಯಬೇಕಾಗಿಲ್ಲ.