ಚಿಕಾಗೋ: ವಲಸೆಗಾರರು ಬೆಳೆಸಿದ ನಗರ

ಚಿಕಾಗೋ ಎಂದೊಡನೆ ನಮಗೆ ನೆನಪಾಗುವುದು 1893ರ ಸರ್ವಧರ್ಮ ಸಮ್ಮೇಳನ, ಸ್ವಾಮಿ ವಿವೇಕಾನಂದರ ಭಾಷಣ. ಆ ಸಭಾಮಂದಿರದಿಂದ ಕೆಲವೇ ಮೈಲಿ ದೂರದ ಕಸಾಯಿಖಾನೆಗಳಲ್ಲಿ ಅದೇ ವರ್ಷ ಸಹಸ್ರಾರು ಪರದೇಶೀ ಕೂಲಿಗಾರರು ದುಡಿಯುತ್ತಿದ್ದರು. ಅವರ ಸುದ್ದಿ ನಮ್ಮ ಪಠ್ಯಪುಸ್ತಕಗಳಲ್ಲಿ ಕಡಮೆ.

ಮಿಷಿಗನ್ ಸರೋವರದ ದಡದ ಈ ಊರಿನ ಜನಸಂಖ್ಯೆ 1840ರಲ್ಲಿ 4,470. ನಮ್ಮ ಕಡೆಯ ಒಂದು ಹೋಬಳಿ ಕೇಂದ್ರದಷ್ಟು! 1890ರ ವೇಳೆಗೆ ಅದು ಹತ್ತು ಲಕ್ಷವನ್ನು ಮೀರಿತ್ತು. ಅವರಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಪರದೇಶಗಳಲ್ಲಿ ಹುಟ್ಟಿದವರು. ಮೊದಲು ಐರಿಷರು ಬಂದು, 1848ರಲ್ಲಿ ಮುಗಿದ ಕಾಲುವೆಯನ್ನು ಅಗೆದರು. ಆಮೇಲೆ ಜರ್ಮನರು, ಅವರ ಹಿಂದೆಯೇ ಪೋಲರು, ಬೊಹಿಮಿಯನರು, ಇಟಾಲಿಯನರು.

ಇಷ್ಟು ಜನಕ್ಕೆ ಕೆಲಸ ದೊರೆತುದು ಹೇಗೆ? ರೈಲುಮಾರ್ಗಗಳೆಲ್ಲ ಇಲ್ಲಿ ಬಂದು ಕೂಡುತ್ತಿದ್ದುವು. 1865ರಲ್ಲಿ ಯೂನಿಯನ್ ಸ್ಟಾಕ್ ಯಾರ್ಡ್ಸ್ ಎಂಬ ಬೃಹತ್ ಜಾನುವಾರು ಪೇಟೆ ತೆರೆಯಿತು. ಸುತ್ತಲಿನ ಮಾಂಸದ ಕಾರ್ಖಾನೆಗಳಲ್ಲಿ ಒಬ್ಬೊಬ್ಬನದು ಒಂದೊಂದೇ ಕೆಲಸ: ದಿನವಿಡೀ ಅದೇ ಕತ್ತಿ, ಅದೇ ಏಟು. ಆಡಂ ಸ್ಮಿತ್ತನ ಗುಂಡುಸೂಜಿಯ ಉದಾಹರಣೆಯನ್ನು ತರಗತಿಯಲ್ಲಿ ಕೇಳಿದವರಿಗೆ ಶ್ರಮವಿಭಜನೆಯ ಲಾಭ ತಿಳಿದೇ ಇದೆ. ಅದರ ಇನ್ನೊಂದು ಮುಖ ಇಲ್ಲಿ ಕಾಣುತ್ತದೆ. ಇಂಥ ಕೆಲಸಕ್ಕೆ ಕಸುಬು ಬೇಡ, ಇಂಗ್ಲಿಷ್ ಮಾತೂ ಬೇಡ. ನಿನ್ನೆ ರೈಲಿನಿಂದಿಳಿದ ಹಳ್ಳಿಗನಿಗೆ ಇಂದು ಕೆಲಸ ಸಿಕ್ಕೀತು. ಅಷ್ಟೇ ಸುಲಭವಾಗಿ ನಾಳೆ ಹೋದೀತು, ಏಕೆಂದರೆ ಬಾಗಿಲಲ್ಲಿ ಮತ್ತೊಬ್ಬ ಕಾದು ನಿಂತಿದ್ದಾನೆ. ಕೂಲಿ ಏರದಿದ್ದುದಕ್ಕೆ ವಲಸೆಗಾರನನ್ನು ದೂಷಿಸಿದವರು ಈ ಏರ್ಪಾಟನ್ನು ಗಮನಿಸಲಿಲ್ಲವೆಂದೇ ನನ್ನ ಅಭಿಪ್ರಾಯ.

ವಸತಿಯ ಮಾತು ಹೇಳತೀರದು. ಮರದ ಮನೆಗಳು, ಅವುಗಳ ಹಿತ್ತಿಲಲ್ಲಿ ಮತ್ತೆ ಮನೆಗಳು. ಊರಿನ ಕೊಳಚೆಯೆಲ್ಲ ನದಿಗೆ. ನದಿ, ಕುಡಿಯುವ ನೀರಿನ ಆ ಸರೋವರಕ್ಕೇ! 1900ರಲ್ಲಿ ನದಿಯ ಹರಿವನ್ನೇ ಹಿಮ್ಮುಖವಾಗಿ ತಿರುಗಿಸಬೇಕಾಯಿತು. 1889ರಲ್ಲಿ ಜೇನ್ ಆಡಮ್ಸ್ ಮತ್ತು ಅವರ ಗೆಳತಿ ಎಲೆನ್ ಸ್ಟಾರ್ ಬಡವರ ನಡುವೆಯೇ ಹಲ್ ಹೌಸ್ ಎಂಬ ಸೇವಾಗೃಹವನ್ನು ಸ್ಥಾಪಿಸಿದರು. ಅಲ್ಲಿನವರು 1895ರಲ್ಲಿ ಪ್ರಕಟಿಸಿದ ಭೂಪಟಗಳಲ್ಲಿ, ಸುತ್ತಣ ಬೀದಿಗಳ ಮನೆಗಳಿಗೆಲ್ಲ ಬಣ್ಣ ಹಚ್ಚಿ, ಯಾವ ಮನೆಯವರು ಯಾವ ದೇಶದವರು, ಅವರ ವಾರದ ಸಂಪಾದನೆಯೆಷ್ಟು ಎಂಬುದನ್ನು ತೋರಿಸಿದರು. ಮರುಕದ ಮಾತುಗಳಿಗಿಂತ ಇಂಥ ಲೆಕ್ಕ ಹೆಚ್ಚು ಬೆಲೆಯುಳ್ಳದ್ದು.

1906ರಲ್ಲಿ ಅಪ್ಟನ್ ಸಿಂಕ್ಲೇರನ ‘ದಿ ಜಂಗಲ್’ ಕಾದಂಬರಿ ಹೊರಬಂದಿತು. ಲಿಥುವೇನಿಯಾದಿಂದ ಬಂದ ಒಂದು ಕಾರ್ಮಿಕ ಕುಟುಂಬದ ಪಾಡನ್ನು ತಿಳಿಸುವುದು ಅವನ ಉದ್ದೇಶವಾಗಿತ್ತು. ಓದಿದ ಜನ ಬೆದರಿದ್ದು ತಮ್ಮ ತಟ್ಟೆಯ ಮಾಂಸವನ್ನು ನೆನೆದು. ಅದೇ ವರ್ಷ ಮಾಂಸ ತಪಾಸಣೆಯ ಕಾನೂನು ಜಾರಿಗೆ ಬಂದಿತು. ಅದರಲ್ಲಿ ಕೂಲಿಯ ದರದ ಮಾತಾಗಲಿ, ಕೂಲಿಗಾರನ ಮನೆಯ ಮಾತಾಗಲಿ ಇರಲಿಲ್ಲ.